ಸ್ಪ್ರಿಂಗು ಒತ್ತಲು ಇನ್ನೊಂದು ಕೈ

ಹರಿಹರ, ಹದಿಮೂರನೇ ತಿಂಗಳ ಇಪ್ಪತ್ತೊಂದು, ೨೧೪೬

ಹಾಗಾಗಿ, ನಿನ್ನೆ ಹೇಳುತ್ತಿದ್ದಂತೆ, ಗೈಡು ಸುಸೂತ್ರವಾಗಿಯೇ ಕೂತಿತು. ತೊಂದರೆ ಶುರುವಾದದ್ದು ಸ್ಪ್ರಿಂಗಿನಿಂದ. ನಿನ್ನೆಯ ಮಾತು ನಿಮಗೆ ತಲುಪಿರಲಿಕ್ಕಿಲ್ಲ, ಅದು ನನ್ನ ಮನಸ್ಸಿನಲ್ಲೇ ನಡೆದದ್ದು. ತಾರೀಕು ನೋಡಿ ಗಾಬರಿಯಾಗಬೇಡಿ. ಬೇಸಿಗೆ ಹನ್ನೆರಡು ತಿಂಗಳಲ್ಲಿ ಹಿಡಿಸದೆ ನಮ್ಮ ಹಿರಿಯರು ಇನ್ನೊಂದು ಸೇರಿಸಿದರು. ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದವರಿಗೆ ಇಂಗ್ಲಿಷಿನಲ್ಲಿ ಬರೆದರೆ ಮರ್ಯಾದೆ ಎಂದು ಕೇಳಿದ್ದೇನೆ. ಕಾಲೇಜಿನಲ್ಲಿ ಅದೊಂದು ಪೇಪರು ನಮಗಿತ್ತು. ಈಗ ನೆನಪಿರುವುದು 'ಐ ಹ್ಯಾವ್ ದಿ ಆನರ್ ಟು' ಎಂಬಷ್ಟೇ. ಆನರ್ ಆದ ಮೇಲೆ ಏನು ಮಾಡಬೇಕೋ ಮರೆತಿದೆ.

ನೂರು ವರ್ಷಕ್ಕೂ ಹಿಂದೆ ಈ ಬೈಕು ನಿಮ್ಮದಾಗಿತ್ತು. ನಿಮ್ಮ ಕಾಲಕ್ಕೇ ಹಳೆಯದು. ಇಲ್ಲಿ ಇದಕ್ಕೆ ಗುಡುಗಾಡಿ ಎನ್ನುತ್ತಾರೆ, ನಮ್ಮ ಓಣಿಯಲ್ಲಿ ಉಳಿದಿರುವುದು ಇದೊಂದೇ. ಇಂಜಿನ್ನಿನ ಮುಚ್ಚಳದ ಒಳಮೈಯಲ್ಲಿ ಮೊಳೆಯಿಂದ ಗೀರಿದ 'ಶಿ', 'ನಾ' ಎಂಬ ಎರಡು ಅಕ್ಷರ ಬಿಟ್ಟರೆ ನಿಮ್ಮ ಬಗ್ಗೆ ನನಗೇನೂ ಗೊತ್ತಿಲ್ಲ. ಶಿವನಾಗಪ್ಪನೋ, ಶಿವನಾರಾಯಣನೋ ಎಂದು ನಾನೂ ನನ್ನ ಹೆಂಡತಿ ದಾಕ್ಷಾಯಣಿಯೂ ವಾದ ಮಾಡುತ್ತಿದ್ದೆವು. ಗಾಡಿ ಅವಳದು, ತವರಿನಿಂದ ಬಂದದ್ದು. ನಾನು ಹಿಂದೆ ಕೂರುವವನು.

ನಮ್ಮ ಊರಿನಲ್ಲಿ ಸದ್ದಿಲ್ಲ. ವಾಹನಗಳು ಬೆಕ್ಕಿನ ಹಾಗೆ ಓಡಾಡುತ್ತವೆ. ವರ್ಷಕ್ಕೊಮ್ಮೆ 'ಸದ್ದುಹೊತ್ತು' ಎಂದು ಒಂದು ತಾಸು ಬಿಡುತ್ತಾರೆ. ಆಗ ಹಳೆಯ ಇಂಜಿನ್ ಇರುವವರು ಮನೆ ಮುಂದೆ ಅದನ್ನು ಶುರು ಮಾಡಿ ಓಣಿಯಲ್ಲೊಂದು ಸುತ್ತು ಹೋಗಬಹುದು. ಸತತ ಎರಡು ವರ್ಷ ಸುಮ್ಮನಿದ್ದ ಇಂಜಿನ್ನನ್ನು ಕರಗಿಸಲು ಒಯ್ಯುತ್ತಾರೆ. ಹೋದ ವರ್ಷದ ಸದ್ದುಹೊತ್ತಿಗೆ ದಾಕ್ಷಾಯಣಿ ತೀರಿಕೊಂಡು ತಿಂಗಳೂ ಆಗಿರಲಿಲ್ಲ, ನಾನು ಗಾಡಿ ಮುಟ್ಟಲಿಲ್ಲ. ಪಕ್ಕದ ಮನೆಯ ರುದ್ರಕ್ಕ, ಪ್ರತಿ ವರ್ಷ ಕಿವಿಗೆ ಹತ್ತಿ ತುರುಕಿಕೊಂಡು ನಮ್ಮನ್ನು ಬೈಯುತ್ತಿದ್ದವರು, ಅಂದು ಗೇಟಿನ ಬಳಿ ಬಂದು, "ಯಾಕಪ್ಪಾ, ಈ ಸಲ ಬೈಯಾಕೂ ಏನೂ ಇಲ್ಲೇನು?" ಎಂದರು. ಬಾಗಿಲು ಹಾಕಿಕೊಂಡೆ. ಆಮೇಲೆ ಅವರೊಂದಿಗೂ ಮಾತಿಲ್ಲ. ಈ ವರ್ಷದ ಸದ್ದುಹೊತ್ತು ನಾಳೆ ಬೆಳಿಗ್ಗೆ.

ಗೈಡು ಎಂದರೆ ವಾಲ್ವು ಏರಿಳಿಯುವ ಕೊಳವೆ, ನಿಮಗೆ ಗೊತ್ತಿರುವುದೇ. ಹಳೆಯದು ಸವೆದು ವಾಲ್ವು ಅಲ್ಲಾಡುತ್ತಿತ್ತು, ಹೊಗೆ ಕಾರುತ್ತಿತ್ತು. ಗೈಡು ಕೂರುವ ಹೆಡ್ಡನ್ನು, ಅಂದರೆ ಇಂಜಿನ್ನಿನ ತಲೆಭಾಗವನ್ನು, ಕಾಸಿದರೆ ತೂತು ಹಿಗ್ಗುತ್ತದೆ, ಹೊಸ ಗೈಡನ್ನು ಐಸಿನಲ್ಲಿಟ್ಟರೆ ಕುಗ್ಗುತ್ತದೆ. ಆಗ ಸುತ್ತಿಗೆಯ ನಾಲ್ಕೇ ಏಟಿಗೆ ಇಳಿಯುತ್ತದೆ. ಓಣಿಗೊಂದು ಬಿಸಿಲೊಲೆ ಇದೆ, ಕನ್ನಡಿಗಳಿಂದ ಬಿಸಿಲು ಹಿಡಿದು ಬೇಯಿಸುವ ದೊಡ್ಡ ಒಲೆ. ಎಲ್ಲರ ರೊಟ್ಟಿ ಮುಗಿದ ಮೇಲೆ ನನ್ನ ಹೆಡ್ಡು ಇಟ್ಟೆ. ನೀರು ಚಿಮುಕಿಸಿದಾಗ ಹನಿ ಕುಣಿದರೆ ಹದ. "ದೋಸೆ ಹಂಚಿಗೂ ಇದಕ್ಕೂ ಒಂದೇ ಪರೀಕ್ಷೆ ಕಣ್ರೀ, ನಿಮಗೆ ಎರಡೂ ಬರಲ್ಲ" ಎನ್ನುತ್ತಿದ್ದಳು ದಾಕ್ಷಾಯಣಿ. ನಿನ್ನೆ ಬಂತು. ಹೇಳೋಣವೆಂದು ತಿರುಗಿ ನೋಡಿದೆ.

ಸ್ಪ್ರಿಂಗಿನದು ಬೇರೆ ಕಥೆ. ಸುರುಳಿ ಒತ್ತೊತ್ತಾಗಿರುವ ತುದಿ ಕೆಳಗೆ ಬರಬೇಕು, ಅದು ನೆನಪಿದೆ. ಮೇಲೊಂದು ತಟ್ಟೆಯಿಟ್ಟು, ಸ್ಪ್ರಿಂಗನ್ನು ಬಲವಾಗಿ ಅದುಮಿ ಹಿಡಿದು, ಅದು ಮತ್ತೆ ಹಾರದಂತೆ ವಾಲ್ವಿನ ಕುತ್ತಿಗೆಗೆ ಎರಡು ಅರೆಬಿಲ್ಲೆ ಸಿಕ್ಕಿಸಬೇಕು. ಜೋಳದ ಕಾಳಿಗಿಂತ ಸ್ವಲ್ಪ ದೊಡ್ಡವು. ತಿರುಪಿನ ಪ್ರೆಸ್ಸಿದ್ದರೆ ಒಬ್ಬರೇ ಮಾಡಬಹುದಂತೆ. ನಮ್ಮ ಮನೆಯಲ್ಲಿ ಅದು ಎಂದೂ ಇರಲಿಲ್ಲ, ಬೇಕೆನಿಸಿರಲೂ ಇಲ್ಲ. ನಾನು ಒತ್ತುವುದು, ಅವಳು ಸಿಕ್ಕಿಸುವುದು. "ಹ್ಞಾಂ, ಹಿಡ್ಕಳ್ರೀ. ಉಸಿರು ಬಿಡ್ರೀ, ಸ್ಪ್ರಿಂಗ್ ಹಿಡೀರಿ ಅಂದ್ರೆ ಉಸಿರ್ಯಾಕೆ ಹಿಡಿದೀರಿ?" ಎನ್ನುತ್ತಿದ್ದಳು. ಇಂದು ಎದೆಯಿಂದ ಒತ್ತಿದೆ, ಮೊಣಕಾಲಿನಿಂದ ಒತ್ತಿದೆ. ಒತ್ತಿದಾಗ ಕೈ ಸಾಲದು, ಕೈ ಬಿಟ್ಟರೆ ಸ್ಪ್ರಿಂಗು ನಿಲ್ಲದು. ಬಿಲ್ಲೆ ಹಾರಿ ಮಂಚದ ಕೆಳಗೆ ಹೋಯಿತು.

ನೆಲಕ್ಕೆ ಮಲಗಿ ಹುಡುಕುವಾಗ ಅಲ್ಲೇ ಇಟ್ಟಿದ್ದ ಮುಚ್ಚಳದ ಒಳಮೈ ಮೇಲೆ ಓರೆ ಬಿಸಿಲು ಬಿದ್ದಿತ್ತು. 'ಶಿ' ಆಳವಾಗಿದೆ, ಒತ್ತಿ ಗೀರಿದ್ದು. 'ನಾ' ಹಗುರ, ದುಂಡಗೆ. ಒಂದೇ ಕೈಯದ್ದಲ್ಲ. ಇಷ್ಟು ವರ್ಷ ನಾವಿಬ್ಬರೂ ನಿಮ್ಮನ್ನು ಒಬ್ಬರೆಂದೇ ತಿಳಿದಿದ್ದೆವು. ಅವಳಿಗೆ ಇದು ಗೊತ್ತಾಗದೆಯೇ ಹೋಯಿತು.

ನಿಮ್ಮಿಬ್ಬರಲ್ಲಿ ಯಾರು ಒತ್ತುವವರೋ, ಯಾರು ಸಿಕ್ಕಿಸುವವರೋ. ಒಂದೇ ವಿನಂತಿ: ಆಗಾಗ ಕೆಲಸ ಅದಲುಬದಲು ಮಾಡಿಕೊಳ್ಳಿ. ಓಣಿಯಲ್ಲಿ ಇನ್ನೊಬ್ಬರಿಗೂ ತೋರಿಸಿಡಿ. ನಾನು ಅವಳ ಬೆರಳು ನೋಡುತ್ತಿದ್ದೆನೇ ಹೊರತು, ಬೆರಳು ಏನು ಮಾಡುತ್ತಿದೆ ಎಂದು ನೋಡಲಿಲ್ಲ.

ಬಿಲ್ಲೆ ಸಿಕ್ಕಿತು, ಚಪ್ಪಲಿಯೊಳಗೆ. ಬರೆಯುವ ಸಾಲು ಸೊಟ್ಟಗಾಗುತ್ತಿದೆ, ಕಣ್ಣಿನ ದೋಷವೆಂದುಕೊಂಡೆ, ಅಲ್ಲ, ಬೆಳಕೇ ಹೋಗುತ್ತಿದೆ. ಈ ತಿಂಗಳು ಸಂಜೆಯ ಕರೆಂಟೆಲ್ಲ ಕುಡಿಯುವ ನೀರು ತಂಪಿಡಲು ಹೋಗುತ್ತದೆ, ದೀಪವಿಲ್ಲ. ರುದ್ರಕ್ಕ ಇನ್ನೂ ಜಗುಲಿಯಲ್ಲಿದ್ದಾರೆ. ಬೈಯಬಹುದು. ರೊಟ್ಟಿ ತಟ್ಟಿ ಗಟ್ಟಿಯಾದ ಕೈ ಅವರದು, ಚೆನ್ನಾಗಿ ಒತ್ತುತ್ತಾರೆ. ಹೋಗಿ ಕರೆಯುತ್ತೇನೆ. ಸಿಕ್ಕಿಸುವುದು ಈ ಸಲ ನಾನು.