ಬೆರಳಗಲದ ಕಾರಿಡಾರ್

ಮೇ 4, ಶನಿವಾರ

ಅಂಗಡಿ ಮಧ್ಯಾಹ್ನ ಒಂದಕ್ಕೇ ಮುಚ್ಚಿದೆ. ಎರಡು ಪ್ಯಾಂಟಿನ ಕಾಲು ಮಡಿಸಿದ್ದು, ಒಂದು ಜಿಪ್ ಬದಲಿಸಿದ್ದು — ಇವತ್ತಿನ ಹೊಲಿಗೆ ಅಷ್ಟೇ. ಆಮೇಲೆ ಮರಗೆಲಸ ಕಲಿಸುವ ಶೆಡ್ಡಿಗೆ. ಮೂರನೇ ಕ್ಲಾಸು.

ಮೂವತ್ತು ವರ್ಷ ಬಟ್ಟೆ ಕತ್ತರಿಸಿದವನು ಈಗ ಮರ ಕತ್ತರಿಸಲು ಹೊರಟಿದ್ದೇನೆ. ಅದೂ ಕೈಯಲ್ಲಿ ಅಲ್ಲ, ಸಿಎನ್‌ಸಿ. ಕಂಪ್ಯೂಟರಿನಲ್ಲಿ ಗೆರೆ ಎಳೆದು ಕೊಟ್ಟರೆ ಯಂತ್ರ ತಾನೇ ಹೋಗಿ ಹಲಗೆ ಕೊರೆಯುತ್ತದೆ. ಕಲಿಸುವವಳಿಗೆ ನನ್ನ ಅರ್ಧ ವಯಸ್ಸು. ಮನಸ್ಸಿನಲ್ಲಿ ಗುರುಮಾತೆ ಎನ್ನುತ್ತೇನೆ. ಅವಳು ನನ್ನನ್ನು ಟೈಲರಣ್ಣ ಎನ್ನುತ್ತಾಳೆ.

ಇವತ್ತು ಪ್ರೊಫೈಲ್. ಗೆರೆಯ ಗುಂಟ ಕೊರೆದು ಆಕಾರವನ್ನು ಹಲಗೆಯಿಂದ ಬಿಡಿಸುವುದು. ಎಂಬತ್ತು ಮಿಲಿಮೀಟರಿನ ಒಂದು ಬಿಲ್ಲೆ ಬರೆದೆ. ಕತ್ತರಿಸಿ ತೆಗೆದು ಅಳೆದರೆ ಎಪ್ಪತ್ನಾಲ್ಕು.

"ಆರು ಮಿಲಿಮೀಟರ್ ಎಲ್ಲಿ ಹೋಯ್ತಮ್ಮ?"

"ಆ ಹೊಟ್ಟಿನ ಗುಡ್ಡೆಲಿ ಹುಡುಕಿ, ಟೈಲರಣ್ಣ."

ಕೊರೆಯುವ ಬಿಟ್ ಆರು ಮಿಲಿಮೀಟರ್ ದಪ್ಪ. ಗೆರೆಯ ಮೇಲೇ ನಡೆದರೆ ಅರ್ಧ ಒಳಗೆ ತಿನ್ನುತ್ತದೆ, ಅರ್ಧ ಹೊರಗೆ. ತುಂಡು ಬೇಕಿದ್ದರೆ ಗೆರೆಯ ಹೊರಗೆ ನಡೆಸಬೇಕು, ತೂತು ಬೇಕಿದ್ದರೆ ಒಳಗೆ. ನಾನು 'ಮೇಲೆ' ಒತ್ತಿದ್ದೆ. ನಾಚಿಕೆಯಾಯಿತು. ಚಾಕ್ ಗೆರೆಯ ಮೇಲೇ ಕತ್ತರಿ ಓಡಿಸಿದ ಎಷ್ಟು ಜನಕ್ಕೆ, ಹೊಲಿಗೆಗೆ ಬಟ್ಟೆ ಬಿಡೋದು ಬೇಡವಾ ಎಂದು ಬೈದಿಲ್ಲ ನಾನು.

ಮೇ 5, ಭಾನುವಾರ

ಅಕ್ಕ ಟೀ ಕುಡಿದು ಲೋಟವನ್ನು ಮೇಜಿನ ಮೇಲಿಡಲು ಹೋಗಿ ಮೇಜಿನ ಪಕ್ಕದ ಗಾಳಿಯ ಮೇಲಿಟ್ಟಳು. "ಹೋಗ್ಲಿ ಬಿಡು, ಹಳೇದು" ಎಂದಳು. ಹಳೆಯದಲ್ಲ. ಹೋದ ವಾರ ತಂದದ್ದು.

ಗ್ಲಾಕೋಮಾ. ಬದಿಯ ನೋಟವೆಲ್ಲ ಹೋಗಿ ನಡುವೆ ಒಂದಿಷ್ಟು ಉಳಿದಿದೆ. ಉಂಗುರದೊಳಗಿಂದ ನೋಡಿದ ಹಾಗಂತೆ. ಆ ಉಂಗುರವೂ ಸಣ್ಣದಾಗುತ್ತಿದೆ. ಸ್ಕೂಲಿನಲ್ಲಿ ಯಾರಿಗೂ ಹೇಳಿಲ್ಲ. ಹದಿನೆಂಟು ವರ್ಷ ಒಂದೇ ಕಟ್ಟಡದಲ್ಲಿ ಇತಿಹಾಸ ಪಾಠ ಮಾಡಿದವಳು. ಅಲ್ಲಿನ ಒಂದೊಂದು ಮೆಟ್ಟಿಲೂ ಕಾಲಿಗೆ ಗೊತ್ತಿತ್ತು, ಹಾಗಾಗಿ ನಡೆಯಿತು. ಈಗ ಸ್ಕೂಲು ಹೊಸ ಕಟ್ಟಡಕ್ಕೆ ಹೋಗುತ್ತಿದೆ. ಜೂನ್ ಮೂರಕ್ಕೆ ಶುರು. ಎರಡು ಮಹಡಿ, ಇಪ್ಪತ್ತೆರಡು ಕೋಣೆ. ಅವಳ ನಿವೃತ್ತಿಗೆ ಇನ್ನೂ ಎರಡು ವರ್ಷ.

"ಹೇಳಿಬಿಡು ಅಕ್ಕ" ಎಂದೆ.

"ಹೇಳಿದ್ರೆ ಮಾರನೇ ದಿನ ಲೈಬ್ರರಿಲಿ ಕೂರಿಸ್ತಾರೆ, ಪುಸ್ತಕಕ್ಕೆ ಸೀಲ್ ಹೊಡ್ಕೊಂಡಿರಿ ಅಂತ. ಪಾಠ ಮಾಡೋದು ಇಲ್ಲ ಅಂದ್ರೆ ನಾನು ಬೆಳಿಗ್ಗೆ ಯಾಕೆ ಏಳ್ಬೇಕು, ನೀನೇ ಹೇಳು."

ಭಾವ ಹೋದ ಮೇಲೆ ಅವಳನ್ನು ಎಬ್ಬಿಸಿ ನಿಲ್ಲಿಸಿದ್ದು ಆ ಪಾಠವೇ. ನನಗೆ ಗೊತ್ತು.

ಫೋನ್ ತೋರಿಸಿದಳು. ಬೆಂಕಿ ಬಿದ್ದರೆ ಯಾವ ಕಡೆ ಓಡಬೇಕು ಅಂತ ಹೊಸ ಕಟ್ಟಡದ ಬಾಗಿಲಲ್ಲಿ ಹಾಕಿರುವ ನಕ್ಷೆ. ಫೋಟೋ ಸೊಟ್ಟಗಿದೆ, ಕಾಲುಭಾಗ ಅವಳದೇ ಹೆಬ್ಬೆರಳು. ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಡು ಎಂದಳು. ಎಷ್ಟು ದೊಡ್ಡದಾದರೇನು, ಒಂದು ಸಲಕ್ಕೆ ಕಾಣುವುದು ಉಂಗುರದಷ್ಟೇ. ಬೆರಳಿಗೆ ಸಿಗುವ ಹಾಗೆ ಮರದಲ್ಲಿ ಕೆತ್ತಿದರೆ… ಅನಿಸಿತು. ಬಾಯಿಬಿಡಲಿಲ್ಲ. ಬಿಲ್ಲೆ ಕತ್ತರಿಸಲು ಬಾರದವನು ಕಟ್ಟಡದ ಮಾತಾಡಬಾರದು.

ಮೇ 8

ಹೊಸ ಸ್ಕೂಲಿಗೆ ಹೋಗಿ ಅಳತೆ ತಂದೆ. ಕುತ್ತಿಗೆಗೆ ಟೇಪು ನೇತು ಹಾಕಿಕೊಂಡವನನ್ನು ಯಾರು ತಡೆಯುತ್ತಾರೆ. ಪರದೆ ಹೊಲಿಯೋಕೆ ಎಂದೆ. ವಾಚ್‌ಮನ್ ಟೇಪಿನ ಇನ್ನೊಂದು ತುದಿ ಹಿಡಿದುಕೊಟ್ಟ. ಕಾರಿಡಾರಿಗೂ ಪರದೆನಾ ಎಂದು ಮಾತ್ರ ಕೇಳಿದ. ಈಗ ಎಲ್ಲಾ ಕಡೆ ಹಾಕ್ತಾರಪ್ಪ ಎಂದೆ.

ಕಟ್ಟಡ ನಲವತ್ತೈದು ಮೀಟರ್ ಉದ್ದ. ಕಾರಿಡಾರ್ ಎರಡು ಮೀಟರ್ ನಲವತ್ತು ಸೆಂಟಿ ಅಗಲ. ನೂರೈವತ್ತರಲ್ಲಿ ಒಂದು ಪಾಲಿಗೆ ಇಳಿಸಿದರೆ ಹಲಗೆ ಒಂದಡಿ ಆಗುತ್ತದೆ, ಕಾರಿಡಾರ್ ಹದಿನಾರು ಮಿಲಿಮೀಟರ್. ಅಕ್ಕನ ತೋರುಬೆರಳು ಹದಿನಾಲ್ಕು. ಮಲಗಿದ್ದಾಗ ಅಳೆದೆ.

ಮೇ 11, ಶನಿವಾರ

ಪಾಕೆಟ್. ಪಾಕೆಟ್ ಅಂದರೆ ನನ್ನ ಮಟ್ಟಿಗೆ ಜೇಬು. ಇಲ್ಲಿ ಗೆರೆಯ ಒಳಗಿನ ಮರವನ್ನೆಲ್ಲ ಹೇಳಿದಷ್ಟು ಆಳಕ್ಕೆ ಕೆರೆದು ತೆಗೆಯುವುದು. ಪ್ರೊಫೈಲ್ ಅಂಚಿನಲ್ಲಿ ನಡೆಯುತ್ತದೆ. ಪಾಕೆಟ್ ಇಡೀ ಗದ್ದೆ ಉಳುತ್ತದೆ.

ಯೋಜನೆ ಹೀಗೆ: ಒಂದೊಂದು ಕೋಣೆಯೂ ಒಂದೊಂದು ಪಾಕೆಟ್. ಕೋಣೆ ತಗ್ಗು, ಗೋಡೆ ಎತ್ತರ. ಗೆರೆ ಎಳೆದು ಕೊಟ್ಟೆ. ಯಂತ್ರ ನಡೆಯುವ ದಾರಿಯ ಲೆಕ್ಕ ಆಗುವುದೇ ಇಲ್ಲ ಎಂದಿತು ಕಂಪ್ಯೂಟರ್. ಮೂರು ಸಲ ಕೇಳಿದೆ, ಮೂರು ಸಲವೂ ಅದೇ ಹಟ.

ಗುರುಮಾತೆ ಬಂದು ನೋಡಿದಳು. "ಬಾಗಿಲಿಗೆ ಅಂತ ಗೆರೇಲಿ ಜಾಗ ಬಿಟ್ಟಿದ್ದೀರಲ್ಲ. ಸುತ್ತ ಮುಚ್ಚಿದ್ರೆ ತಾನೇ ಒಳಗೆ ಯಾವ್ದು ಹೊರಗೆ ಯಾವ್ದು ಅಂತ ಅದಕ್ಕೆ ಗೊತ್ತಾಗೋದು?"

ಇಪ್ಪತ್ತೆರಡು ಬಾಗಿಲು ಒಂದೊಂದಾಗಿ ಮುಚ್ಚಿದೆ. ಹೊತ್ತು ಅದರಲ್ಲೇ ಹೋಯಿತು.

"ಏನು, ಮನೆ ಕಟ್ತಿದ್ದೀರಾ?"

ಅಕ್ಕನಿಗೆ ಎಂದೆ. ಯಾಕೆ ಎಂದೂ ಹೇಳಿದೆ. ಅವಳು ಮತ್ತೆ ತಮಾಷೆ ಮಾಡಲಿಲ್ಲ. ವಾರದ ದಿನ ಸಂಜೆಯೂ ಬನ್ನಿ, ಯಂತ್ರ ಖಾಲಿ ಇರುತ್ತೆ ಎಂದಳು.

ಮೇ 18, ಶನಿವಾರ

ಒಳ್ಳೆಯ ಪೈನ್ ಹಲಗೆ ಹಾಳು ಮಾಡಿದೆ.

ಕಟ್ಟಡದ ಹೊರಗೆರೆ, ಒಳಗಿನ ಕೋಣೆಗಳು, ಎಲ್ಲವನ್ನೂ ಒಟ್ಟಿಗೆ ಸೆಲೆಕ್ಟ್ ಮಾಡಿ ಪಾಕೆಟ್ ಎಂದು ಒತ್ತಿದೆ. ನಲವತ್ತು ನಿಮಿಷ ಕಿವಿಗೆ ಸದ್ದು ತಡೆಯುವ ಮಫ್ ಹಾಕಿಕೊಂಡು ನಿಂತು ನೋಡಿದೆ. ಹೊಟ್ಟು ಊದಿದಾಗ ಗೊತ್ತಾಯಿತು — ಪೂರ್ತಿ ಉಲ್ಟಾ. ಕೋಣೆಗಳೆಲ್ಲ ದಿಬ್ಬ. ಕಾರಿಡಾರ್ ಕಾಲುವೆ.

"ಹೊರಗಿನ ಗೆರೆನೂ ಸೇರಿಸಿಬಿಟ್ರಿ. ಒಂದರೊಳಗೆ ಒಂದು ಆಕಾರ ಕೊಟ್ರೆ ಒಳಗಿಂದು ದ್ವೀಪ ಅಂದ್ಕೊಳುತ್ತೆ. ದ್ವೀಪ ಉಳಿಸಿ ಸುತ್ತ ಅಗೆಯುತ್ತೆ."

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಲ್ಲಿ ಕುಂಬಾರನೂ ನಾನೇ, ದೊಣ್ಣೆಯೂ ನಾನೇ. ಮನೆಗೆ ತಂದೆ. ಇಸ್ತ್ರಿ ಪೆಟ್ಟಿಗೆ ಇಡುವುದಕ್ಕಾದರೂ ಆದೀತು. ಇನ್ನು ಎರಡು ವಾರ ಇದೆ. ಸಿಟ್ಟು ಬಂದಿದೆ, ಯಾರ ಮೇಲೆ ಎಂದು ಬರೆಯುವ ಅಗತ್ಯವಿಲ್ಲ.

ಮೇ 19, ಭಾನುವಾರ

ಅಕ್ಕ ಇಸ್ತ್ರಿ ಪೆಟ್ಟಿಗೆ ಎತ್ತಿದಾಗ ಹಲಗೆ ಕೈಗೆ ಸಿಕ್ಕಿದೆ. ನಾನು ಒಳಗೆ ಬರುವಷ್ಟರಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಬೆರಳು ಕಾಲುವೆಯೊಳಗೆ ಹೋಗುತ್ತಿತ್ತು. ತಿರುಗಿತು. ನಿಂತಿತು. ಹಿಂದೆ ಬಂತು.

"ಇದು ಗೇಟು. ಇದು ಆಫೀಸು. ಇಲ್ಲಿ ಬಲಕ್ಕೆ… ಹೌದೇನೋ?"

"ಹೌದು. ಆದ್ರೆ ಉಲ್ಟಾ ಬಂದಿದೆ ಅಕ್ಕ, ಸರಿ ಮಾಡ್ಕೊಡ್ತೀನಿ. ರೂಮುಗಳು ತಗ್ಗಾಗ್ಬೇಕಿತ್ತು."

"ರೂಮು ಯಾರಿಗೆ ಬೇಕೋ? ಒಳಗೆ ಹೋದ್ಮೇಲೆ ಮೇಜು ಸಿಗುತ್ತೆ, ಬೋರ್ಡ್ ಸಿಗುತ್ತೆ, ಮಕ್ಕಳ ಗಲಾಟೆ ಇರುತ್ತೆ. ದಾರಿ ತಪ್ಪೋದು ಹೊರಗಡೆ. ನಾನು ನಡೆಯೋದು ಕಾರಿಡಾರಲ್ಲಿ, ಬೆರಳೂ ಅಲ್ಲೇ ನಡೀಲಿ."

ನೋಡುವವರಿಗೆ ಸರಿ ಕಾಣುವ ಹಾಗೆ ಮಾಡಲು ಹೊರಟಿದ್ದೆ. ಅವಳು ನೋಡುವವಳಲ್ಲ ಎನ್ನುವುದು ತಲೆಗೆ ಹೋಗಿರಲಿಲ್ಲ. ಮತ್ತೆ ಕೇಳಿದಳು, ಬಾಗಿಲು ಎಲ್ಲಿ, ಮೆಟ್ಟಿಲು ಎಲ್ಲಿ. ಅವು ಇರಲಿಲ್ಲ. ಖುಷಿಯಾಗಿದ್ದೇನೆ. ಬಹಳ ದಿನದ ಮೇಲೆ.

ಮೇ 25, ಶನಿವಾರ

ಹೊಸ ಹಲಗೆ. ಒಂದು ಬದಿಗೆ ಕೆಳ ಮಹಡಿ, ಇನ್ನೊಂದು ಬದಿಗೆ ಮೇಲಿನದು. ಈ ಸಲ ಹೊರಗೆರೆಯನ್ನು ಬೇಕೆಂದೇ ಸೇರಿಸಿದೆ. ಬಾಗಿಲಿದ್ದಲ್ಲಿ ದಿಬ್ಬದ ಅಂಚಿಗೆ ಉಗುರು ಸಿಗುವಷ್ಟು ಕಚ್ಚು. ಮೆಟ್ಟಿಲಿಗೆ ಆರು ಸಣ್ಣ ಪಾಕೆಟ್, ಒಂದಕ್ಕಿಂತ ಒಂದು ಅರ್ಧ ಮಿಲಿಮೀಟರ್ ಆಳ. ಎಲ್ಲ ಹೇಳಿದ ಹಾಗೇ ಬಂತು.

ಕೊನೆಗೆ ಪ್ರೊಫೈಲ್. ದೊಡ್ಡ ಹಲಗೆಯಿಂದ ಇದನ್ನು ಬಿಡಿಸಬೇಕು. 'ಹೊರಗೆ' ಎಂದು ಎರಡು ಸಲ ನೋಡಿ ಒತ್ತಿದೆ. ಕೊನೆಯ ಸುತ್ತಿನಲ್ಲಿ ತುಂಡು ಪೂರ್ತಿ ಬಿಟ್ಟುಕೊಂಡು ಎಗರಿತು. ಬಿಟ್ ಒಂದು ಮೂಲೆ ಕಚ್ಚಿತು. ಗುರುಮಾತೆ ಕೆಂಪು ಗುಂಡಿ ಹೊಡೆದಳು. ತುಂಡು ಅಲ್ಲಾಡದ ಹಾಗೆ ನಾಲ್ಕು ಕಡೆ ಸಣ್ಣ ಸೇತುವೆ ಬಿಟ್ಟಿರಬೇಕು, ಆಮೇಲೆ ಅದನ್ನು ಕೈಯಲ್ಲಿ ಕುಯ್ಯಬೇಕು. ಮರೆತಿದ್ದೆ.

"ಕಚ್ಚಾ ಹೊಲಿಗೆ ಹಾಕ್ದೇನೇ ತೋಳು ಕೂರಿಸ್ತೀರಾ ನೀವು?" ಎಂದಳು. ಈ ಮಾತು ಎಲ್ಲಿ ಕಲಿತಳೋ.

ಮನೆಯಲ್ಲಿ ಅಕ್ಕ ಆ ಮೂಲೆ ಸವರಿದಳು. "ಇಲ್ಲೇನಿದೆ?"

"ಸೈಕಲ್ ಸ್ಟ್ಯಾಂಡು."

"ನಂಗೆ ಸೈಕಲ್ ಬರಲ್ಲ. ಬಿಡು."

ಮೇ 30

ದಿನಾ ಬೆಳಿಗ್ಗೆ, ಸಂಜೆ. ಕಣ್ಣು ಮುಚ್ಚಿಕೊಂಡೇ ಹಲಗೆಯ ಮೇಲೆ ಬೆರಳಲ್ಲಿ ಓಡಾಡುತ್ತಾಳೆ. ಒಂದು ಬೆರಳಗೆಣ್ಣು ಅಂದರೆ ಆರು ಹೆಜ್ಜೆ. ಟಾಯ್ಲೆಟ್ಟಿನ ಓಣಿಗೆ ತೋರುಬೆರಳು ಹಿಡಿಸುವುದಿಲ್ಲ, ಕಿರುಬೆರಳು. ನಾನು ಪ್ರಶ್ನೆ ಕೇಳಬೇಕು. ಒಂಬತ್ತನೇ ಕ್ಲಾಸಿಂದ ಸ್ಟಾಫ್ ರೂಮಿಗೆ? ಹೇಳುತ್ತಾಳೆ. ಸ್ಟಾಫ್ ರೂಮಿಂದ ಲ್ಯಾಬಿಗೆ? ಹೇಳುತ್ತಾಳೆ. ನಾನೇ ತಪ್ಪಿದೆ ಇವತ್ತು. "ಪೆದ್ದ, ಬೆಂಚಿನ ಮೇಲೆ ನಿಂತ್ಕೋ" ಎಂದಳು.

ಜೂನ್ 3, ಸೋಮವಾರ. ಹನ್ನೊಂದು ಗಂಟೆ

ಜೊತೆಗೆ ಬರಲಾ ಎಂದೆ. ಬೇಡ. ಹಲಗೆಯನ್ನು ಚೀಲದಲ್ಲಿಟ್ಟುಕೊಂಡು ಒಬ್ಬಳೇ ಹೋದಳು. ಒಂದು ಕಾಲರ್ ತಲೆಕೆಳಗಾಗಿ ಹೊಲಿದೆ. ಬಿಚ್ಚಿ ಮತ್ತೆ ಹಾಗೇ ಹೊಲಿದೆ. ಫೋನ್ ಇಲ್ಲ.

ಸಂಜೆ ಐದೂವರೆ

ಬಂದಳು. ಮೊಣಕಾಲಿಗೆ ಪಟ್ಟಿ. ಕೂತು, ನೀರು ಕುಡಿದು, ಅವಳೇ ಹೇಳಿದಳು.

ಮೊದಲ ಎರಡು ಪೀರಿಯಡ್ ಕೂದಲೆಳೆಯಷ್ಟೂ ತಪ್ಪಲಿಲ್ಲ. ಮೂರನೆಯದಕ್ಕೆ ಕೆಳಗಿಳಿದು ಸ್ಟಾಫ್ ರೂಮ್ ದಾಟುವಾಗ ಬೆಂಚು. ಹಳೆಯ ಕಟ್ಟಡದ ಬೆಂಚುಗಳನ್ನು ನಿನ್ನೆ ತಂದು ಕಾರಿಡಾರಿನುದ್ದಕ್ಕೂ ಹಾಕಿದ್ದಾರೆ. ಬೆಂಕಿಯ ನಕ್ಷೆಯಲ್ಲಿ ಬೆಂಚು ಇರುವುದಿಲ್ಲ. ನಾನು ಅಳೆದಾಗಲೂ ಇರಲಿಲ್ಲ. ಬೆಳಿಗ್ಗೆ ಬಲಗೋಡೆ ಹಿಡಿದು ಹೋದವಳಿಗೆ ಅವು ಸಿಕ್ಕಿರಲಿಲ್ಲ. ಮುಗ್ಗರಿಸಿ ಬಿದ್ದಳು. ಪುಸ್ತಕ ಒಂದು ಕಡೆ, ಚೀಲ ಒಂದು ಕಡೆ. ಮಕ್ಕಳು ಸುತ್ತ ಸೇರಿದರು. ಒಬ್ಬಳು ಹುಡುಗಿ ಕೇಳಿದಳಂತೆ, ಕಾಣಿಸ್ಲಿಲ್ವಾ ಮಿಸ್ ಎಂದು.

"ಇಲ್ಲಮ್ಮ, ನಂಗೆ ಕಾಣಿಸಲ್ಲ ಅಂದೆ. ಬಾಯಿಗೆ ಬಂದುಬಿಡ್ತು. ಸುಳ್ಳು ಹೇಳಿ ಹೇಳಿ ಸಾಕಾಗಿತ್ತೋ ಏನೋ."

ಹೆಡ್‌ಮಿಸ್ ಕರೆಸಿದರು. ಪಟ್ಟಿ ಹಾಕಿದ್ದೂ ಅವರೇ. ಎರಡು ವರ್ಷದಿಂದ ಗೊತ್ತು ಎಂದರಂತೆ. "ನಿಮ್ಮ ಕ್ಲಾಸೆಲ್ಲ ಒಂದೇ ಸಾಲಲ್ಲಿ ಬರೋ ಹಾಗೆ ಟೈಮ್‌ಟೇಬಲ್ ಹಾಕ್ತಿದ್ದದ್ದು ಯಾರು ಅಂದ್ಕೊಂಡಿದ್ರಿ?"

"ಬೆಕ್ಕು ಕಣ್ಮುಚ್ಕೊಂಡು ಹಾಲು ಕುಡಿದ ಹಾಗಾಯ್ತು ಕಣೋ ನನ್ನ ಕಥೆ" ಎಂದಳು. ನಕ್ಕಳು. ಆಮೇಲೆ ಅತ್ತಳು. ಅವಳು ಅತ್ತದ್ದು ಭಾವ ಹೋದಾಗ ನೋಡಿದ್ದೆ, ಅದು ಬಿಟ್ಟರೆ ಇವತ್ತು. ಪಕ್ಕದಲ್ಲಿ ಕೂತೆ.

ಕೆಲಸ? ಅದನ್ನೇ ಕೇಳಿದೆ. ಬೀಳುವ ತನಕ ಸುಮ್ಮನಿರೋಣ ಅಂತಿದ್ದೆ, ಇವತ್ತು ಬಿದ್ರಿ, ಇನ್ನು ಆಡಳಿತ ಮಂಡಳಿಗೆ ಬರೀಲೇಬೇಕು ಎಂದರಂತೆ ಹೆಡ್‌ಮಿಸ್. ಅಕ್ಕ ಹಲಗೆ ತೆಗೆದು ಅವರ ಮೇಜಿನ ಮೇಲಿಟ್ಟಿದ್ದಾಳೆ. ಅವರು ಗೇಟಿನಿಂದ ತಮ್ಮ ಕೋಣೆಯವರೆಗೆ ಬೆರಳಿನಲ್ಲಿ ನಡೆದು ನೋಡಿದರಂತೆ. ಆಮೇಲೆ ಹೇಳಿದರಂತೆ, ಒಂದು ತಿಂಗಳು ಕೊಡ್ತೀನಿ. ಇನ್ನೊಂದು ಸಲ ಬೀಳಬಾರದು. ಬೀಳದಿದ್ರೆ, ಇವರು ಪಾಠ ಮಾಡಬಲ್ಲರು ಅಂತಲೇ ಬರೀತೀನಿ.

ಜೂನ್ 4. ಬೆಳಿಗ್ಗೆ ಆರು

ಬೆಂಚು ತೆಗೆಸಿ ಅಂತ ಕೇಳಬಹುದಲ್ಲ ಎಂದೆ.

"ಮಕ್ಕಳು ನೆಲದ ಮೇಲೆ ಕೂತು ಊಟ ಮಾಡ್ಬೇಕಾ? ನೀನು ಹಲಗೇಲಿ ಹಾಕು."

ಅಗೆದ ಮರ ಮತ್ತೆ ಬೆಳೆಯುವುದಿಲ್ಲ. ಬೆಂಚುಗಳನ್ನು ಬೇರೆ ಕತ್ತರಿಸಿ ಅಂಟಿಸಬೇಕು. ಒಂದೊಂದೂ ಎಂಟು ಮಿಲಿಮೀಟರ್ ಉದ್ದ, ಎರಡೂವರೆ ಅಗಲ. ಪ್ರೊಫೈಲ್, ಹೊರಗೆ, ಸೇತುವೆ ಬಿಟ್ಟು. ಸಂಜೆ ಶೆಡ್ಡಿಗೆ ಹೋಗುತ್ತೇನೆ.

ಎಲ್ಲೆಲ್ಲಿವೆ ಎಂದು ನಿನಗೆ ಹೇಗೆ ಗೊತ್ತು ಎಂದೆ. ನಿನ್ನೆ ಊಟದ ಬಿಡುವಿನಲ್ಲಿ ಆ ಹುಡುಗಿ ಬಂದು ಕೈ ಹಿಡಿದಳಂತೆ. ಹಿಂದೆ ಇಡೀ ಕ್ಲಾಸು. ಎಲ್ಲ ಸೇರಿ ಜೋರಾಗಿ ಹೆಜ್ಜೆ ಎಣಿಸಿಕೊಂಡು ಕಾರಿಡಾರ್ ಪೂರ್ತಿ ನಡೆದರಂತೆ. ಈಗ ಬಾಗಿಲಲ್ಲಿ ನಿಂತಿದ್ದಾಳೆ, ಚೀಲ ಹೆಗಲಿಗೆ ಹಾಕಿಕೊಂಡು. ಬಸ್ಸಿಗೆ ಹೊತ್ತಾಯ್ತು, ಬೇಗ ಬರ್ಕೋ ಎನ್ನುತ್ತಾಳೆ. ಬೇರೆ ಕಾಗದ ಕೈಗೆ ಸಿಗುತ್ತಿಲ್ಲ, ಇಲ್ಲೇ ಬರೆಯುತ್ತೇನೆ.

ಒಂದು — ಗೇಟು ದಾಟಿ ಒಂಬತ್ತು ಹೆಜ್ಜೆ, ಎಡಗೋಡೆಗೆ ತಾಗಿ.
ಎರಡು — ಅಲ್ಲಿಂದ ಹದಿನಾಲ್ಕು. ಅದೂ ಎಡಕ್ಕೆ.
ಮೂರು — ನಲ್ಲಿಯ ಪಕ್ಕ. ನೆಲ ಒದ್ದೆ, ನಿಧಾನ.
ನಾಲ್ಕು — ಸ್ಟಾಫ್ ರೂಮ್ ದಾಟಿ ಐದು ಹೆಜ್ಜೆ, ನಿನ್ನೆ ಬಿದ್ದದ್ದು ಇದೇ, ಗೋಡೆಯಿಂದ — ಬಸ್ಸು ಬಂತು, ಉಳಿದದ್ದು ಸಂಜೆ.