‘ಸಿಕ್ತು’ ಎನ್ನುವ ತಂತಿ

ಯಗಟಿ
೧೬-೨-೨೦೨೫

ಪ್ರೀತಿಯ ಅಪ್ಪಾಜಿಗೆ ದೀಪಶ್ರೀಯ ನಮಸ್ಕಾರ,

ಮೊಣಕಾಲು ನೋವು ಹೇಗಿದೆ? ಮಠದ ಮೆಟ್ಟಿಲು ಹತ್ತುವಾಗ ಕೋಲು ಹಿಡಿಯುತ್ತೀರೋ, ಇಲ್ಲ ಅಲ್ಲೂ ನಿಮ್ಮ ಹಟವೋ? ಅಮ್ಮನ ಕಾರ್ಯ ಮುಗಿಸಿದ ಮರುದಿನ ತರೀಕೆರೆ ಬಸ್ಸು ಹತ್ತಿ ಮಠಕ್ಕೆ ಹೋದವರು ನೀವು, ಎಂಟು ತಿಂಗಳಾಯಿತು. ಇದು ನನ್ನ ಐದನೆಯ ಕಾಗದ, ಒಂದಕ್ಕೂ ಉತ್ತರವಿಲ್ಲ. ಮನೆಯಲ್ಲೇ ಬಿಟ್ಟುಹೋದ ನಿಮ್ಮ ಫೋನನ್ನು ದಿನಾ ಚಾರ್ಜ್ ಮಾಡಿ ಇಡುತ್ತೇನೆ. ನಾನು ಚೆನ್ನಾಗಿದ್ದೇನೆ ಅಂತ ಬರೆದರೆ ಸುಳ್ಳು ಅಂತ ನಿಮಗೆ ಗೊತ್ತಾಗುತ್ತದೆ. ಈಗಲೂ ಎರಡು ಮುದ್ದೆ ಕಟ್ಟುತ್ತೇನೆ, ಒಂದು ಪಕ್ಕದ ಮನೆ ಕಲ್ಲಮ್ಮನ ಹಸುವಿಗೆ ಹೋಗುತ್ತದೆ. "ಅಪ್ಪಾರು ಯಾವಾಗ ಬತ್ತಾರವ್ವಾ?" ಅಂತ ಅವಳು ಕೇಳಿದಾಗಲೆಲ್ಲ "ಬತ್ತಾರೆ" ಅಂದು ಒಳಗೆ ಬರುತ್ತೇನೆ.

ಕಡೂರಿನ ಕಾಲೇಜಿನಲ್ಲಿ ಪಾಠ ಮುಗಿದ ಮೇಲೂ ಲ್ಯಾಬಿನಲ್ಲೇ ಕೂರುತ್ತೇನೆ. ನನ್ನ ಚಿಪ್ ಕೆಲಸ ಏನೆಂದು ನಿಮಗೆ ಎಂದೂ ಹೇಳಲಿಲ್ಲ, ಆದರೆ ಅದು ನಿಮ್ಮಿಂದಲೇ ಕಲಿತದ್ದು. ಸಾಮಾನ್ಯವಾಗಿ ಚಿಪ್‌ನೊಳಗೆ ಒಂದು ಗಡಿಯಾರ ಇರುತ್ತದೆ. ಅದು ಮಿಡಿದಾಗ ಎಲ್ಲ ಭಾಗಗಳೂ ಒಟ್ಟಿಗೆ ಹೆಜ್ಜೆ ಇಡಬೇಕು. ನನ್ನದರಲ್ಲಿ ಗಡಿಯಾರವಿಲ್ಲ. ನಾವು ಅಟ್ಟಕ್ಕೆ ತೆಂಗಿನಕಾಯಿ ಏರಿಸುತ್ತಿದ್ದೆವಲ್ಲ, ಹಾಗೆ. ಕೆಳಗೆ ತೋಟದ ಆಳು ಪುಟ್ಟಯ್ಯ, ಏಣಿಯಲ್ಲಿ ನಾನು, ಅಟ್ಟದ ಮೇಲೆ ನೀವು. ಮೇಲಿನವರು "ಸಿಕ್ತು" ಅಂದ ಮೇಲೆಯೇ ಕೆಳಗಿನವರು ಕೈ ಬಿಡುವುದು ನಮ್ಮ ಮನೆಯ ಪದ್ಧತಿ. ಒಮ್ಮೆ ನಾನು ಅವಸರಕ್ಕೆ ಬಿಟ್ಟು ಕಾಯಿ ಪುಟ್ಟಯ್ಯನ ಕಾಲಿನ ಮೇಲೆ ಬಿತ್ತು. "ಸಿಕ್ತು ಅನ್ನೋಗಂಟ ಕೈ ಬಿಡಬ್ಯಾಡ ಕಣೇ" ಅಂದಿರಿ. ನನ್ನ ಚಿಪ್‌ನ ಭಾಗಗಳೂ ಹೀಗೆಯೇ ಒಂದರಿಂದ ಇನ್ನೊಂದಕ್ಕೆ ಅಂಕಿಗಳನ್ನು ದಾಟಿಸುತ್ತವೆ.

ಕಳೆದ ವಾರ ಈ ಚಿಪ್‌ನ ಪರೀಕ್ಷೆಗೆ ಕಟ್ಟಿದ ಬೋರ್ಡು ನಿಂತೇ ಹೋಯಿತು. ಮೂರು ದಿನ ಹುಡುಕಿದೆ. ಯಾವ ಭಾಗವೂ ಕೆಟ್ಟಿರಲಿಲ್ಲ. ಒಂದು ಕಡೆ "ಸಿಕ್ತು" ಎಂದು ಹಿಂದಕ್ಕೆ ತಿಳಿಸುವ ತಂತಿಯನ್ನೇ ನಾನು ಜೋಡಿಸಿರಲಿಲ್ಲ. ಅದಕ್ಕಾಗಿ ಕಾಯುತ್ತ ಒಂದರ ಹಿಂದೆ ಒಂದು ಎಲ್ಲವೂ ಸುಮ್ಮನೆ ನಿಂತಿದ್ದವು. ತಂತಿ ಹಾಕಿದೆ, ಓಡಿತು. ಖುಷಿಯಲ್ಲಿ ಮರೆತು ನಿಮ್ಮ ಫೋನಿಗೇ ಕರೆ ಮಾಡಿಬಿಟ್ಟೆ. ಬೀಗ ಹಾಕಿದ ಮನೆಯಲ್ಲಿ ಅದು ರಿಂಗಾಗುತ್ತಿದೆ ಎಂದು ಹೊಳೆದಾಗ ಅಲ್ಲೇ ಕೂತು ಅತ್ತೆ.

ಗುರುಗಳಿಗೆ ನನ್ನ ಶರಣು ತಿಳಿಸಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ನಿಮ್ಮ ಮಗಳು
ದೀಪಶ್ರೀ

ಇನ್ನೊಂದು ಮಾತು: ಅಮ್ಮನ ಕೊನೆಗಳಿಗೆಯಲ್ಲಿ ನಿಮಗೆ ತಿಳಿಸಲಿಲ್ಲ ಅಂತ ಮಠಕ್ಕೆ ಹೊರಡುವಾಗ ಅಂದಿರಿ. ತಿಳಿಸಿದ್ದೆ. ನೀವು ತೋಟದಲ್ಲಿದ್ದಿರಿ. ಆಸ್ಪತ್ರೆಗೆ ಹೊರಟೆವು ಅಂತ ಮೆಸೇಜ್ ಹಾಕಿ, ನೋಡಿದಿರಾ ಅಂತ ವಿಚಾರಿಸದೆ ಹೊರಟೆ. ನಿಮ್ಮ ಫೋನಿನಲ್ಲಿ ಅದು ಇನ್ನೂ ತೆರೆಯದೆ ಹಾಗೇ ಇದೆ. ನೀವು ಸಿಕ್ತು ಅನ್ನುವ ಮೊದಲೇ ಕೈ ಬಿಟ್ಟವಳು ನಾನು, ತಪ್ಪು ನನ್ನದೇ. ಇದರ ಜೊತೆ ನನ್ನ ವಿಳಾಸ ಬರೆದ ಒಂದು ಅಂಚೆ ಕಾರ್ಡ್ ಇಟ್ಟಿದ್ದೇನೆ. ಬನ್ನಿ ಅನ್ನುವುದಿಲ್ಲ, ಕ್ಷಮಿಸಿದೆ ಅಂತಲೂ ಬರೆಯಬೇಡಿ. ಸಿಕ್ತು ಅಂತ ಒಂದೇ ಮಾತು ಬರೆದು ಡಬ್ಬಿಗೆ ಹಾಕಿ.