ವಿಲ್ಮಾಳ ಬಿಸ್ಕತ್ತು ಏಳು ತಿಂದವರಿಗೆ

ರೀ ಆರ್ನೋ,

ಪೊಮೆರೋಡಿಗೆ ಅಕ್ಕನ ಮನೆಗೆ ಹೋಗ್ತಿದ್ದೀನಿ, ಸಂಜೆ ಬರ್ತೀನಿ. ಕ್ರಿಸ್‌ಮಸ್ ಬಿಸ್ಕತ್ತಿಗೆ ಹಿಟ್ಟು ಕಲಸಿ ಒದ್ದೆ ಬಟ್ಟೆ ಮುಚ್ಚಿಟ್ಟಿದ್ದೀನಿ. ಡಿಸೆಂಬರ್‌ನ ಈ ನಡುಬೇಸಿಗೆ ಸೆಖೆಗೆ ಅದು ಮೆತ್ತಗಾಗೋ ಮೊದಲೇ ಲಟ್ಟಿಸಿ.

ಅರ್ಧ ಬೆರಳು ದಪ್ಪ ಇರ್ಲಿ. ತೆಳ್ಳಗೆ ಮಾಡೋದು ಪಕ್ಕದ್ಮನೆ ವಿಲ್ಮಾ. ಹೋದ ವರ್ಷ ಚರ್ಚಲ್ಲಿ ಫ್ಯಾನ್ ಹಾಕಿದ್ದಕ್ಕೆ ಅವಳ ಬಿಸ್ಕತ್ತು ಮೂರು ಹಾರಿಹೋಗಿ ಪಾದ್ರಿಗಳ ಬೋಳುತಲೆ ಮೇಲೆ ಕೂತ್ವು. ನಾನೇ ಕಣ್ಣಾರೆ ನೋಡಿದ್ದೀನಿ.

ಆದ್ರೂ ಭಾನುವಾರ ಅವಳ ಮನೇಲಿ ನೀವು ಏಳು ತಿಂದ್ರಿ. ನಾನು ಎಣಿಸ್ತಾ ಕೂತಿದ್ದೆ. "ಬಾಯಲ್ಲಿಟ್ರೆ ಕರಗುತ್ತೆ ಕಣಮ್ಮ ವಿಲ್ಮಾ" ಅಂದ್ರಿ. ಮೂವತ್ತೊಂದು ವರ್ಷದಿಂದ ನಾನು ಮಾಡಿ ಹಾಕಿದ್ದು ಏನು, ಗಂಟಲಲ್ಲಿ ಸಿಕ್ಕಾಕೊಂಡಿತ್ತಾ?

ನಕ್ಷತ್ರದ ಅಚ್ಚನ್ನ ಒಣ ಹಿಟ್ಟಲ್ಲಿ ಅದ್ದಿ ಒತ್ತಿ. ಅಂಚು ಕೆಂಪಾದ ತಕ್ಷಣ ಒಲೆಯಿಂದ ತೆಗೀರಿ. ಬಣ್ಣದ ಸಕ್ಕರೆ ನಾನು ಬಂದು ಹಚ್ತೀನಿ. ವಿಲ್ಮಾ "ಸಹಾಯ ಮಾಡ್ಲಾ" ಅಂತ ಬಂದ್ರೆ ಬಾಗಿಲಲ್ಲೇ ಕಾಫಿ ಕೊಟ್ಟು ಕಳ್ಸಿ.

ಮೊದಲನೇ ತಟ್ಟೆ ಬಿಸಿ ಇರುವಾಗ್ಲೇ ಒಂದು ತಿಂದು, ಕಿಟಕಿ ತೆಗೆದು ಜೋರಾಗಿ ಹೊಗಳಿ. ಅವಳ ಅಡುಗೆಮನೆ ಎದುರಿಗೇ ಇದೆ. ನಾನು ಇಲ್ಲದಾಗ ಹೊಗಳಿದ್ರೆ ಅವಳು ನಂಬ್ತಾಳೆ.

ನಾನು ಬಂದ್ಮೇಲೆ ಇನ್ನೊಂದ್ಸಲ ಹೇಳಿ, ನಾನು ಹೇಳಿಕೊಡದೇನೇ.

ಇಸೋಲ್ಡಿ